ಕೇಳುವ ಮೊದಲೇ ಬಂದ ನೀರು

ಜೂನ್ 9, ಸೋಮವಾರ

ಕೋಗಿಲು. ಮುನಿಶಾಮಮ್ಮ, ವಯಸ್ಸು ಎಂಬತ್ತರ ಆಚೆ. ಮಗ ಬಾಲರಾಜು, ಸೊಸೆ ದ್ರೌಪದಮ್ಮ. ನಮ್ಮ ಹಿರಿಯ ನಾಗರಿಕರ ಕೇಂದ್ರದ ಸಹಾಯವಾಣಿಗೆ ಕರೆ ಮಾಡಿದವರು ಅದೇ ಕಟ್ಟಡದ ಬಾಡಿಗೆದಾರರು. ಅಜ್ಜಿಯನ್ನು ಮೇಲೆ ಕೂಡಿಹಾಕಿದ್ದಾರೆ ಎಂದಷ್ಟೇ ಹೇಳಿ, ಹೆಸರು ಹೇಳದೆ ಫೋನ್ ಇಟ್ಟರು.

ನನ್ನ ಮೇಲಧಿಕಾರಿ ಪದ್ಮಶ್ರೀ ಮೇಡಂ ಮತ್ತು ನಾನು ತಿಳಿಸದೆ ಹೋದೆವು. ಹಟ್ಟಿ ಇದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳ ಕಟ್ಟಡ ಎದ್ದಿದೆ. ಮಗ ಸೊಸೆ ಮೊದಲ ಮಹಡಿಯಲ್ಲಿ, ತಾಯಿ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕದ ಕೋಣೆಯಲ್ಲಿ. ಲಿಫ್ಟಿಗೆ ಕಾರ್ಡು ಬೇಕು, ಕಾರ್ಡು ಸೊಸೆಯ ಬಳಿ. ಮೆಟ್ಟಿಲಿನ ತುದಿಯಲ್ಲಿ ಗ್ರಿಲ್, ಗ್ರಿಲ್ಲಿಗೆ ಬೀಗ. ಬಾಲರಾಜು ಸ್ವಲ್ಪವೂ ಅಳುಕಲಿಲ್ಲ. "ಅಮ್ಮಂಗೆ ಪೆಂಟ್‌ಹೌಸೇ ಕೊಟ್ಟಿದೀನಿ ಸಾರ್. ಗಾಳಿ, ಬೆಳಕು. ವಿಮಾನ ಇಳಿಯೋದು ಕೂತಲ್ಲೇ ಕಾಣ್ಸುತ್ತೆ. ನಂಗೇ ಆ ಭಾಗ್ಯ ಇಲ್ಲ." ಬೀಗ ಏಕೆಂದರೆ, ತಾಯಿ ಮೆಟ್ಟಿಲಲ್ಲಿ ಬಿದ್ದಾರು ಎಂದು.

ಒಳಗೆ ಹೋದೊಡನೆ ಮೇಡಂ ಎಂದಿನಂತೆ ನೀರು ಕೇಳಿದರು. ಇದು ಅವರೇ ಕಂಡುಕೊಂಡ ಕ್ರಮ. ಮನೆಯ ಹಿರಿಯರನ್ನೇ ಒಂದು ಲೋಟ ನೀರು ಕೇಳಬೇಕು, ಆಮೇಲೆ ಅವರ ಕಣ್ಣು ನೋಡಬೇಕು. ಮನೆ ತಮ್ಮದೆಂದುಕೊಂಡವರು ಎದ್ದು ಹೋಗಿ ತರುತ್ತಾರೆ. ಏಳಲಾಗದವರು ಯಾರನ್ನಾದರೂ ಕೂಗುತ್ತಾರೆ. ಹೆದರಿದವರು ಮೊದಲು ಮನೆಯವರ ಮುಖ ನೋಡುತ್ತಾರೆ. ಗಾಯಕ್ಕೆ ಸೆರಗು ಮುಚ್ಚಬಹುದು, ಆ ನೋಟಕ್ಕೆ ಆಗುವುದಿಲ್ಲ. ಬರೆದರೆ ಹರಡುತ್ತದೆಂದು ಮೇಡಂ ಇದನ್ನು ಯಾವ ಕೈಪಿಡಿಗೂ ಸೇರಿಸಿಲ್ಲ. ನನಗೆ ಮಾತ್ರ, ಬಾಯಿಮಾತಿನಲ್ಲಿ ಕಲಿಸಿದರು.

ಮುನಿಶಾಮಮ್ಮ ಸೊಸೆಯ ಮುಖ ನೋಡಿದರು. ದ್ರೌಪದಮ್ಮ ಕತ್ತು ಆಡಿಸಿದ ಮೇಲೆಯೇ ಎದ್ದದ್ದು.

ಜೂನ್ 12, ಗುರುವಾರ

ಈ ಪ್ರಕರಣದಲ್ಲಿ ಏನಾಗಬಹುದೆಂದು ಮೇಡಂ ಜೊತೆ ಮಾತಾಡಿದೆ. ಮನೆಯ ಜಾಗವನ್ನು ಮುನಿಶಾಮಮ್ಮ ಮಗನಿಗೆ ದಾನಪತ್ರ ಮಾಡಿಕೊಟ್ಟಿದ್ದಾರೆ. ಬರೆಸಿಕೊಂಡವನು ಸರಿಯಾಗಿ ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳು ಅದನ್ನು ರದ್ದು ಮಾಡಬಹುದು, ಅಥವಾ ತಾಯಿಯನ್ನು ಇಂತಿಂಥ ರೀತಿ ನೋಡಿಕೊಳ್ಳಬೇಕು ಎಂದು ಆದೇಶಿಸಬಹುದು. ಅವರು ನೋಡುವುದು ನಮ್ಮ ಭೇಟಿಗಳ ವರದಿಯನ್ನು. ಸುಧಾರಿಸಿದೆ ಎಂದು ನಾವು ಬರೆದರೆ ಪ್ರಕರಣ ರಾಜಿಯಲ್ಲಿ ಮುಗಿಯುತ್ತದೆ, ಮತ್ತೆ ಯಾರೂ ಆ ಮೆಟ್ಟಿಲು ಹತ್ತುವುದಿಲ್ಲ.

ಮೇಡಂ ಆತುರಪಡುವವರಲ್ಲ. ಇನ್ನೆರಡು ಸಲ ಹೋಗಿ ಬಾ ಎಂದರು. ಅವರ ಜೊತೆ ಕೆಲಸ ಮಾಡುವಾಗ ನನಗೆ ಒಳ್ಳೆಯ ಅನುವಾದ ಓದುವಾಗಿನ ನೆಮ್ಮದಿ ಇರುತ್ತದೆ. ಮೂಲ ಏನೆಂದು ನನಗೆ ತಿಳಿಯದು, ಆದರೆ ತಿಳಿದವರೊಬ್ಬರು ನಡುವೆ ಇದ್ದಾರೆ, ಮೋಸ ಮಾಡುವುದಿಲ್ಲ.

ಈಗ ಓದುತ್ತಿರುವುದು ಹಿಮ ಬೀಳುವ ದೇಶದ ಕಾದಂಬರಿ. ಅಲ್ಲಿನ ಮನೆಯಾಕೆ ಬಂದವರಿಗೆಲ್ಲ ಬಿಸಿ ಸೂಪು ಕೊಡುತ್ತಾಳೆ. ಅನುವಾದಕಿ ಅದನ್ನು ಸಾರು ಎಂದು ಮಾಡಿಲ್ಲ, ಒಳ್ಳೆಯದಾಯಿತು.

ಜೂನ್ 18, ಬುಧವಾರ

ಕೋಗಿಲಿಗೆ ಒಬ್ಬನೇ ಹೋದೆ. ಹಿರಿಯರ ಜೊತೆ ಒಂಟಿಯಾಗಿ ಮಾತಾಡುವುದು ನಿಯಮ. ದ್ರೌಪದಮ್ಮ ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿ ಬಟ್ಟೆ ಒಣಹಾಕುವ ನೆಪದಲ್ಲಿ ತಾರಸಿಯ ಆ ತುದಿಯಲ್ಲಿ ನಿಂತರು. ಗಾಳಿಗೆ ಬೆಡ್‌ಶೀಟು ಪಟಪಟ ಹೊಡೆದುಕೊಳ್ಳುತ್ತಿದ್ದುದರಿಂದ ಅವರಿಗೆ ಏನೂ ಕೇಳಿಸಿರಲಾರದು.

ನಾನು ನೀರು ಕೇಳಿದೆ. ಮುನಿಶಾಮಮ್ಮ ಕಿಟಕಿಯಲ್ಲಿ ಸೊಸೆಯನ್ನು ನೋಡಿ, ಆಕೆ ಇತ್ತ ತಿರುಗಿಲ್ಲವೆಂದು ಖಚಿತ ಮಾಡಿಕೊಂಡು, ಸ್ಟೀಲ್ ಲೋಟದಲ್ಲಿ ಕೊಟ್ಟು ನಕ್ಕರು. "ಓದ್ಸಲ ಆಯಮ್ಮನೂ ನೀರೇ ಕೇಳ್ತು, ನೀನೂ ನೀರೇ ಕೇಳ್ತೀಯ. ನಿಮ್ಮ ಆಫೀಸ್ನಾಗೆ ನಲ್ಲಿ ಇಲ್ವೇನ್ ಸಾಮಿ?" ನಾನೂ ನಕ್ಕೆ. ಅಲ್ಲಿಂದ ಅವರು ನನ್ನನ್ನು ನೀರಪ್ಪ ಎಂದರು.

ತುಂಬ ಮಾತಾಡಿದರು. ಅವರಿಗೆ ಊಟದ ಕೊರತೆಯಿಲ್ಲ, ಹೊಡೆತವಿಲ್ಲ. ಬೇಕಾದದ್ದು ಕೆಳಗಿಳಿಯುವುದು. ಮುನೇಶ್ವರನ ಗುಡಿಯ ಕಟ್ಟೆಯ ಮೇಲೆ ಓರಗೆಯವರು ಬೆಳಿಗ್ಗೆ ಕೂರುತ್ತಾರೆ. ಮುನಿಕೃಷ್ಣಮ್ಮ ಎಂಬ ಗೆಳತಿ ಬದುಕಿದ್ದಾಳೋ ಇಲ್ಲವೋ ತಿಳಿಯದು. ಕೆಳಗೆ ಹೋದರೆ ಅಮ್ಮ ಕಟ್ಟೆಯಲ್ಲಿ ಕೂತು ಮನೆಯ ಮಾತು ಆಡುತ್ತಾಳೆ, ಬಾಡಿಗೆದಾರರ ಎದುರು ಎಲೆಅಡಿಕೆ ಉಗಿಯುತ್ತಾಳೆ ಎಂದು ಮಗನಿಗೆ ನಾಚಿಕೆಯಂತೆ. "ಉಗಿಯೋದು ದಿಟ" ಎಂದರು.

ಎಲೆಅಡಿಕೆ ಈಗ ಎಲ್ಲಿಂದ ಎಂದೆ. ತುಟಿ ಕೆಂಪಗಿತ್ತು. ಸ್ವಲ್ಪ ಹೊತ್ತು ನನ್ನನ್ನು ಅಳೆದು ನೋಡಿದರು. ಕೆಳಗಿನ ಮನೆಯಲ್ಲಿ ಮೋನಿಷಾ ಎಂಬ ಹುಡುಗಿ ಇದ್ದಾಳೆ. ಇವರು ಸ್ಟೀಲ್ ಲೋಟದಿಂದ ನೆಲ ಕುಟ್ಟಿದರೆ ಅವಳು ಮೆಟ್ಟಿಲು ಹತ್ತಿ ಬಂದು ಗ್ರಿಲ್ಲಿನ ಆಚೆ ಕೂರುತ್ತಾಳೆ. ಎಲೆ, ಸುಣ್ಣ, ಊರಿನ ಸುದ್ದಿ ಎಲ್ಲ ಆ ಸಂದಿಯಲ್ಲಿ ಬರುತ್ತವೆ. ನಮಗೆ ಫೋನ್ ಮಾಡಿದವಳೂ ಅವಳೇ.

"ನಿಂಗೊಬ್ಬನ್ಗೇ ಏಳ್ತಿರಾದು ಕಣಪ್ಪ ನೀರಪ್ಪ. ಆ ಮಗಾನ ಒರಗಾಕ್ಬುಡ್ತಾರೆ."

ಯಾರಿಗೂ ಹೇಳುವುದಿಲ್ಲ ಎಂದೆ.

ಸಂಜೆ ಯಲಹಂಕದ ಕಚೇರಿಯಲ್ಲಿ ಮೇಡಂಗೆ ಎಲ್ಲ ಹೇಳಿದೆ. ಒಬ್ಬರು ಕೇಳಿದ್ದನ್ನು ಇನ್ನೊಬ್ಬರಿಂದ ಮುಚ್ಚಿಡಬಾರದು, ಇದೂ ನಿಯಮ. ನಿನಗೆ ಹೇಳಿದ್ದೆಂದರೆ ನಮಗೆ ಹೇಳಿದ್ದು ಎನ್ನುತ್ತಾರೆ ಮೇಡಂ. ಹಾಗಾಗಿ ಮಾತು ತಪ್ಪಿದಂತಾಗಲಿಲ್ಲ.

ಜೂನ್ 30, ಸೋಮವಾರ

ಕೋಗಿಲಿನಲ್ಲಿ ಎಲ್ಲ ಬದಲಾಗಿದೆ. ಗ್ರಿಲ್ ತೆರೆದಿತ್ತು. ಹೊಸ ಹಾಸಿಗೆ, ಮಡಿಸಿದ ಹೊದಿಕೆ, ತಲೆಗೆ ಎಣ್ಣೆ. ಕಾಲುಗುರು ಸಹ ಕತ್ತರಿಸಿದ್ದಾರೆ. ಹಾಸಿಗೆಯ ಪಕ್ಕ ಪುಟ್ಟ ಮೇಜು, ಅದರ ಮೇಲೆ ಜಗ್ಗು. ನಾನು ಕೂರುವ ಮೊದಲೇ ಮುನಿಶಾಮಮ್ಮ ನೀರು ಬಗ್ಗಿಸಿ ಲೋಟ ಚಾಚಿದರು. ಯಾರ ಮುಖವನ್ನೂ ನೋಡಲಿಲ್ಲ. ನನ್ನ ಮುಖವನ್ನೂ.

ಮಾತು ಹೆಚ್ಚು ಆಡಲಿಲ್ಲ. ಚೆನ್ನಾಗಿದೀನಿ ಎಂದರು. ನೀರಪ್ಪ ಎನ್ನಲಿಲ್ಲ. ಮೈ ಹುಷಾರಿಲ್ಲವೇನೋ ಎಂದುಕೊಂಡೆ, ಸೆಕೆಯೂ ಇತ್ತು. ಲೋಟ ಹಸಿರು ಬಣ್ಣದ ಪ್ಲಾಸ್ಟಿಕ್ಕಿನದು.

ವರದಿ ಬರೆದೆ: ಗಮನಾರ್ಹ ಸುಧಾರಣೆ, ಭಯದ ಲಕ್ಷಣ ಕಾಣಲಿಲ್ಲ. ನಮ್ಮ ಕೆಲಸದಲ್ಲಿ ಇಂಥ ವಾಕ್ಯ ಬರೆಯುವ ಅವಕಾಶ ಅಪರೂಪ. ಅಕ್ಷರ ಚೆನ್ನಾಗಿ ಬಂದಿದೆ.

ಜುಲೈ 2, ಬುಧವಾರ

ಮೇಡಂ ವರದಿ ಓದಿ ಬೆನ್ನು ತಟ್ಟಿದರು. ಹದಿನೆಂಟರಂದು ಉಪವಿಭಾಗಾಧಿಕಾರಿಗಳ ಮುಂದೆ ರಾಜಿ ದಾಖಲಾಗುತ್ತದೆ. ನಾನು ಹಾಜರಿದ್ದು ವರದಿ ನನ್ನದೇ ಎಂದು ಹೇಳಿದರೆ ಸಾಕು. ಕಾದಂಬರಿ ಮುಗಿಯಿತು. ಕೊನೆ ಇಷ್ಟವಾಗಲಿಲ್ಲ, ಎಲ್ಲರೂ ಒಳ್ಳೆಯವರಾಗಿಬಿಡುತ್ತಾರೆ.

ಜುಲೈ 8, ಮಂಗಳವಾರ

ರಾಜಾನುಕುಂಟೆ. ಲಕ್ಕಣ್ಣ, ಮಗಳ ಮನೆಯಲ್ಲಿದ್ದಾರೆ. ಇದು ಬೇರೆ ಪ್ರಕರಣ. ಹೋದ ತಿಂಗಳು ಮೇಡಂ ಒಬ್ಬರೇ ನೋಡಿ ಬಂದಿದ್ದರು, ನಾನು ಮೊದಲ ಸಲ ಹೋದದ್ದು. ತಿಳಿಸದೆಯೇ ಹೋದೆ.

ಮಗಳು ಬಾಗಿಲು ತೆಗೆದಳು. ಲಕ್ಕಣ್ಣ ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಫೋಟೋಗೆ ಕೂತವರ ಹಾಗೆ. ಪಕ್ಕದಲ್ಲಿ ಪುಟ್ಟ ಮೇಜು, ಜಗ್ಗು. ನಾನು ನಮಸ್ಕಾರ ಎನ್ನುವಷ್ಟರಲ್ಲಿ ನಡುಗುವ ಕೈಯಲ್ಲಿ ಲೋಟ ನನ್ನ ಎದೆಯ ಮುಂದೆ ಬಂತು. ಅರ್ಧ ನೀರು ಅವರ ಪಂಚೆಯ ಮೇಲೆ.

ನಾನು ತೆಗೆದುಕೊಂಡೆ. ಅವರು ಮಗಳ ಕಡೆ ತಿರುಗಿ ಕೇಳಿದರು:

"ಈಗ ಸರಿಯಾಗ್ ಕೊಟ್ನೇನವ್ವ?"

ಮಗಳು ನಕ್ಕು, ನಮ್ಮಪ್ಪಂಗೆ ಅರಳುಮರಳು ಸಾರ್ ಎಂದಳು. ನಾನೂ ಏನೋ ಅಂದೆ. ಏನೆಂದು ನೆನಪಿಲ್ಲ. ಲೋಟ ಹಿಡಿದುಕೊಂಡೇ ಗೇಟಿನವರೆಗೆ ಬಂದುಬಿಟ್ಟಿದ್ದೆ, ಅವಳು ಬಂದು ಇಸಿದುಕೊಂಡಳು.

ದೊಡ್ಡಬಳ್ಳಾಪುರ ರಸ್ತೆಯಲ್ಲಿ ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು.

ನೀರು ಕೇಳುವ ವಿಷಯ ಇಬ್ಬರಿಗೆ ಗೊತ್ತು. ಒಬ್ಬ ನಾನು.

ಜುಲೈ 9, ಬುಧವಾರ

ಕೇಳಲಿಲ್ಲ. ಮೇಡಂ ಎಂದಿನಂತೆ ಡಬ್ಬಿ ತೆರೆದು ಅರ್ಧ ಚಪಾತಿ ಈ ಕಡೆ ಇಟ್ಟರು. ತಿಂದೆ.

ಜುಲೈ 12, ಶನಿವಾರ

ಮೊದಲು ಕೋಗಿಲಿನ ಕಟ್ಟಡದ ಮುಂದಿನ ಕಿರಾಣಿ ಅಂಗಡಿಯಲ್ಲಿ ವಿಚಾರಿಸಿದೆ. ಮೋನಿಷಾ ಮನೆ ಖಾಲಿ ಮಾಡಿದ್ದಾಳೆ. ಅಂಗಡಿಯವರಿಂದ ನಂಬರು ಸಿಕ್ಕಿತು. ನಾಗಸಂದ್ರದಲ್ಲಿ ಗೆಳತಿಯ ಕೋಣೆಯಲ್ಲಿದ್ದಾಳೆ. ಮೆಟ್ರೋ ನಿಲ್ದಾಣದ ಕೆಳಗೆ ಭೇಟಿಯಾದಳು, ಕೊರಳಲ್ಲಿ ಕೆಲಸದ ಸ್ಥಳದ ಗುರುತಿನ ಚೀಟಿ ಇನ್ನೂ ತೂಗುತ್ತಿತ್ತು. ಫಿಜಿಯೋಥೆರಪಿ ಕ್ಲಿನಿಕ್ಕಿನಲ್ಲಿ ಸಹಾಯಕಿ.

ಜೂನ್ ಹದಿನೆಂಟರಂದು ನಾನು ಹೋಗಿ ಬಂದ ಮಾರನೆಯ ದಿನ ಸಂಜೆ ಬಾಲರಾಜು ಅವಳ ಬಾಗಿಲಿಗೆ ಬಂದನಂತೆ. ಗಲಾಟೆ ಮಾಡಲಿಲ್ಲ. ನಮ್ಮಮ್ಮನ್ನ ನೋಡ್ಕೊಳಕ್ಕೆ ನಾವಿದೀವಿ, ನೀನು ಬೇರೆ ಮನೆ ನೋಡ್ಕೋ ಎಂದ. ಅವಳು ಸಾಮಾನು ಇಳಿಸುವಾಗ ಮೇಲಿನಿಂದ ಲೋಟ ಕುಟ್ಟುವ ಸದ್ದು ಕೇಳುತ್ತಲೇ ಇತ್ತಂತೆ. ಮೆಟ್ಟಿಲಿನ ಬಳಿ ಅವರ ಮನೆಯವರು ನಿಂತಿದ್ದರಿಂದ ಹೋಗಲಾಗಲಿಲ್ಲ. ಆಮೇಲೆ ಸದ್ದು ನಿಂತಿತು.

"ಹೆಸ್ರು ಹೊರಗೆ ಬರ್ಬಾರ್ದು ಅಂತಾನೇ ಫೋನಲ್ಲಿ ಹೇಳಿರ್ಲಿಲ್ಲ ಸರ್. ಅಜ್ಜಿಗೆ, ನಿಮಗೆ ಬಿಟ್ರೆ ಯಾರ್ಗೂ ಗೊತ್ತಿರ್ಲಿಲ್ಲ. ನೀವು ಹೇಳಿದ್ರಾ?"

ಬಾಲರಾಜುಗೆ ಹೇಳಲಿಲ್ಲ ಎಂದೆ. ಅದು ನಿಜ. ಅವಳು ಇನ್ನೂ ಏನೋ ಬರುತ್ತದೆಂದು ಕಾದಳು. ಬರಲಿಲ್ಲ. ಎಲೆಅಡಿಕೆ ಯಾರು ಕೊಡ್ತಾರೆ ಈಗ ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಸ್ಕಲೇಟರ್ ಹತ್ತಿದಳು.

ಈ ವಾರ ಯಾರ ಮನೆಯಲ್ಲೂ ನೀರು ಕೇಳಿಲ್ಲ. ಬಾಟಲಿ ಒಯ್ಯುತ್ತಿದ್ದೇನೆ.

ಜುಲೈ 14, ಸೋಮವಾರ

ಮೇಡಂ ಕಾರಿನಲ್ಲಿ, ಹೆಬ್ಬಾಳದ ಮೇಲ್ಸೇತುವೆಯ ಮೇಲೆ, ಟ್ರಾಫಿಕ್ಕಿನಲ್ಲಿ ಕೇಳಿದೆ. ಹೀಗೆ ಬರೆಯುವಾಗ ಧೈರ್ಯದಿಂದ ಕೇಳಿದಂತೆ ಕಾಣುತ್ತದೆ. ಹಾಗಿರಲಿಲ್ಲ. ಲಕ್ಕಣ್ಣ ಅಂದ ಮಾತನ್ನು ತಮಾಷೆಯಂತೆ ಹೇಳಿದೆ, ನಗಬಹುದೆಂದು. ಅಲ್ಲ ಎನ್ನಬಹುದೆಂದು.

ನಗಲಿಲ್ಲ. ಅಲ್ಲ ಎನ್ನಲೂ ಇಲ್ಲ. ಗೇರು ನ್ಯೂಟ್ರಲ್ಲಿಗೆ ಹಾಕಿದರು.

"ಹೇಳ್ತೀನಿ, ಹೌದು. ಭೇಟಿ ಯಾವಾಗ ಅಂತ, ಏನ್ ನೋಡ್ತೀವಿ ಅಂತ. ಉಗುರು ನೋಡ್ತೀವಿ ಅಂದ್ರೆ ಉಗುರು ಕತ್ತರಿಸ್ತಾರೆ. ಹಾಸಿಗೆ ನೋಡ್ತೀವಿ ಅಂದ್ರೆ ಹಾಸಿಗೆ ತರ್ತಾರೆ. ನಮಗೋಸ್ಕರ ಮಾಡಿದ್ರೂ ಹಾಸಿಗೆ ಹಾಸಿಗೇನೇ ಅಲ್ವಾ ಭೂಷಣ?"

ಆಮೇಲೆ ತಾವೇ ಮಾತಾಡಿದರು. ಆರ್.ಟಿ. ನಗರದ ವೆಂಕಟಲಕ್ಷ್ಮಮ್ಮನ ಪ್ರಕರಣ. ನಾನು ಸೇರುವ ಮೊದಲಿನದು. ಆದೇಶ ಗೆದ್ದು, ಪೊಲೀಸರನ್ನು ಕರೆದುಕೊಂಡು ಹೋಗಿ ಆಕೆಯನ್ನು ಮಗನ ಮನೆಗೆ ವಾಪಸು ಸೇರಿಸಿದ್ದರು. ಆಮೇಲೆ ಆ ಮನೆಯಲ್ಲಿ ಯಾರೂ ಆಕೆಯೊಡನೆ ಒಂದು ಮಾತಾಡಲಿಲ್ಲ. ಹೊತ್ತು ಹೊತ್ತಿಗೆ ತಟ್ಟೆ ಬರುತ್ತಿತ್ತು, ಆದೇಶದಲ್ಲಿ ಇದ್ದ ಹಾಗೆ. ಆಕೆ ತಟ್ಟೆ ಮುಟ್ಟುವುದನ್ನು ನಿಲ್ಲಿಸಿದಳು. "ಆರ್ಡರ್ ತೋರ್ಸಿ ಮಗನ ಕೈಲಿ ಅಮ್ಮಾ ಅನ್ನಿಸೋಕಾಗುತ್ತಾ? ಅವತ್ತಿಂದ ನಾನು ಯಾವ ಮನೇನೂ ಸೋಲ್ಸಕ್ಕೆ ಹೋಗಿಲ್ಲ. ಪಾಸ್ ಮಾಡಿಸ್ತೀನಿ."

ಹೇಳುವಾಗ ಅವರ ಕಣ್ಣು ತುಂಬಿತ್ತು. ನನಗೆ ಅದೇ ಕಷ್ಟವಾದದ್ದು. ಕೈ ಬೆಚ್ಚಗೆ ಮಾಡಿಕೊಂಡಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮೋನಿಷಾ ಎಂದೆ.

ಬಾಲರಾಜುಗೆ ಬುದ್ಧಿ ಹೇಳಲು ಹೋಗಿ ಅಂದದ್ದಂತೆ. ನಿಮ್ಮಮ್ಮ ಕೆಳಗಿನ ಹುಡುಗಿಯನ್ನು ಲೋಟ ಕುಟ್ಟಿ ಕರೆಯುವ ಗತಿ ಬಂದಿದೆ, ನೀವೇ ಒಂದು ಗಳಿಗೆ ಹತ್ತಿರ ಕೂರಬಾರದಾ ಎಂದು. ಅವನು ಹುಡುಗಿಯನ್ನು ಬಿಡಿಸುತ್ತಾನೆಂದು, ಲೋಟ ಬದಲಾಯಿಸುತ್ತಾನೆಂದು ತಾವು ಎಣಿಸಲಿಲ್ಲ.

ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಕಾರು ಮುಂದೆ ಹೋಯಿತು. ಎಸ್ಟೀಮ್ ಮಾಲಿನ ಬಳಿ ನನ್ನನ್ನು ಇಳಿಸುವಾಗ, ಶುಕ್ರವಾರ ನೀನು ಹೆಚ್ಚು ಮಾತಾಡಬೇಕಿಲ್ಲ, ನಿನ್ನ ವರದಿಯೇ ಇದೆಯಲ್ಲ ಎಂದರು. ಬೆದರಿಕೆಯಲ್ಲ. ನನ್ನ ಕೆಲಸ ಹಗುರ ಮಾಡಲು ಹೇಳಿದ ಹಾಗೆಯೇ ಇತ್ತು.

ಇಷ್ಟು ವರ್ಷ ನಾನು ಸುಧಾರಣೆ ಎಂದು ಬರೆದ ಮನೆಗಳು ಒಂದೊಂದೇ ನೆನಪಿಗೆ ಬರುತ್ತಿವೆ. ಜಕ್ಕೂರಿನ ಪಿಳ್ಳಪ್ಪ. ಅವರೂ ಎದ್ದು ನಿಂತು ನೀರು ಕೊಟ್ಟಿದ್ದರು. ಎಷ್ಟು ಗಟ್ಟಿ ಮನುಷ್ಯ ಎಂದು ಅಂದು ಇಲ್ಲೇ ಬರೆದುಕೊಂಡಿದ್ದೆ.

ಜುಲೈ 16, ಬುಧವಾರ

ಪದ್ಮಶ್ರೀ ಅವರಿಗೆ ಹೇಳದೆ ಕೋಗಿಲಿಗೆ ಹೋದೆ. ಮೆಟ್ಟಿಲಲ್ಲಿ ಹತ್ತಿದೆ. ಗ್ರಿಲ್ಲಿಗೆ ಬೀಗ ಬಿದ್ದಿತ್ತು. ಆಚೆ ತಾರಸಿಯ ನೆರಳಿನಲ್ಲಿ ಮುನಿಶಾಮಮ್ಮ ನೆಲದ ಮೇಲೆ ಕೂತು ವಿಮಾನ ನೋಡುತ್ತಿದ್ದರು, ಅಥವಾ ವಿಮಾನ ಇದ್ದ ಕಡೆಗೆ ತಿರುಗಿದ್ದರು. ಹೊಸ ಹಾಸಿಗೆ ಕಾಣಲಿಲ್ಲ, ಹಳೆಯ ಚಾಪೆಯಿತ್ತು.

ಕರೆದೆ. ಬರಲು ಹೊತ್ತಾಯಿತು. ಗ್ರಿಲ್ ಹಿಡಿದು ನಿಂತರು.

"ನೀರ್ ಕೇಳಾಕ್ ಬಂದ್ಯಾ? ಪಲಾಸ್ಟಿಕ್ಕಿಂದು ಕೊಟ್ಟವ್ರೆ ಈಗ. ಕುಟ್ಟುದ್ರೆ ಸದ್ದೇ ಬರಾಕಿಲ್ಲ."

ನೀರು ಬೇಡ ಎಂದೆ.

"ನಿಂಗೊಬ್ಬನ್ಗೇ ಏಳಿದ್ದು ಕಣಪ್ಪ."

ಸಿಟ್ಟಿನ ದನಿಯಲ್ಲ. ಮಳೆ ಬರಲಿಲ್ಲ ಎಂದು ಹೇಳುವ ದನಿ. ನನ್ನ ಬಳಿ ವಿವರಣೆಯಿತ್ತು: ನಿಯಮ, ಇಬ್ಬರು, ಒಬ್ಬರಿಂದ ಒಬ್ಬರು ಮುಚ್ಚಿಡಬಾರದು. ಅದನ್ನು ಹೇಳಲಿಲ್ಲ. ನಾನು ಒಬ್ಬರಿಗೆ ಹೇಳಿದೆ, ಅವರು ನಿಮ್ಮ ಮಗನಿಗೆ ಹೇಳಿದರು ಎಂದೆ.

"ಆ ನೀರ್ ಕೇಳೋ ಆಯಮ್ಮನಾ?" ಎಂದರು. ಹೌದು ಎಂದೆ. ಅವರು ತಲೆಯಾಡಿಸಿದರು. "ನಂ ಸೊಸೆ ಏಳ್ಕೊಟ್ಲು. ಅವ್ರು ಬಂದೇಟ್ಗೆ ನೀರ್ ಕೊಡು, ನನ್ ಮಕ ನೋಡ್ಬೇಡ ಅಂತ. ಮಗ್ಗಿ ಏಳ್ಕೊಟ್ಟಂಗೆ ಏಳ್ಕೊಟ್ಲು. ಆಯಮ್ಮಾನೂ ನಂ ಸೊಸೆ ಕಡೇರೇ ಅನ್ನು."

ಆಮೇಲೆ ಕೇಳಿದರು, "ಆ ಮಗೀಗೆ ಮನೆ ಸಿಕ್ತಾ?"

ಸಿಕ್ಕಿದೆ ಎಂದೆ. ಗೆಳತಿಯ ಕೋಣೆ ಎಂದು ಹೇಳಲಿಲ್ಲ.

ಶುಕ್ರವಾರದ ವಿಷಯ ಹೇಳಿದೆ. ಸಾಹೇಬರ ಮುಂದೆ ನಿಜ ಹೇಳಿದರೆ ಮಗ ಸಿಟ್ಟಾಗಬಹುದು, ಮಾತು ಬಿಡಬಹುದು, ತಟ್ಟೆ ತಂದಿಟ್ಟು ಹೋಗಬಹುದು ಎಂದೂ ಹೇಳಿದೆ. ವೆಂಕಟಲಕ್ಷ್ಮಮ್ಮನ ಕತೆಯನ್ನೂ ಮುಚ್ಚಿಡಲಿಲ್ಲ. ನಿಮಗೇನು ಬೇಕು ಎಂದು ಕೇಳಿದೆ. ಈ ಪ್ರಶ್ನೆಯನ್ನು ಇಷ್ಟು ದಿನ ಅವರನ್ನು ನೇರವಾಗಿ ಯಾರೂ ಕೇಳಿರಲಿಲ್ಲ. ನಾವು ಕೇಳಿದ್ದು ನೀರು.

"ಮಾತಾ? ಈಗೇನ್ ಮಾತಾಡ್ತವ್ನೆ ಅಂತ ಬಿಡಾಕೆ? ನಾನು ಕೆಳೀಕ್ ಇಳೀಬೇಕು. ಕಟ್ಟೆ ಮ್ಯಾಲೆ ಕೂತ್ಕೊಂಡು ಮುನಿಕೃಷ್ಣಮ್ಮನ ತಾವ ಇವನ್ನ ಬಯ್ಯಬೇಕು. ಅದ್ಕೆ ಯಾವ್ ಸಾಯೇಬ ಬೀಗ ತೆಗುಸ್ತಾನೋ ಅವ್ನ ತಾವ ಏಳು."

ಇಳಿಯುವಾಗ ಕೆಳಗಿನ ಮನೆಯ ಬಾಗಿಲ ಮೇಲೆ ಬಾಡಿಗೆಗೆ ಇದೆ ಎಂಬ ಬೋರ್ಡು ಕಂಡಿತು. ಗುಡಿಯ ಕಟ್ಟೆಯಲ್ಲಿ ವಿಚಾರಿಸಿದೆ. ಮುನಿಕೃಷ್ಣಮ್ಮ ಬದುಕಿದ್ದಾರೆ. ಕಿವಿ ಕೇಳಿಸುವುದಿಲ್ಲ, ಮಾತು ಜೋರು.

ಜುಲೈ 17, ಗುರುವಾರ

ನಾಳೆ ವಿಚಾರಣೆ.

ಇಡೀ ದಿನ ಪದ್ಮಶ್ರೀ ಪಕ್ಕದಲ್ಲಿ ಕೂತು ಕೆಲಸ ಮಾಡಿದೆ. ಅವರು ಅರ್ಧ ಚಪಾತಿ ಕೊಟ್ಟರು, ಹಸಿವಿಲ್ಲ ಎಂದೆ. ಇನ್ನೂ ಬೇಜಾರಾ ಎಂದರು. ಇಲ್ಲ ಎಂದೆ. ಸುಳ್ಳು ಇಷ್ಟು ಸಲೀಸಾಗಿ ಬಂದದ್ದು ನನಗೇ ಆಶ್ಚರ್ಯ. ಹೊಸ ಪುಸ್ತಕ ಮೇಜಿನ ಮೇಲಿದೆ, ಇನ್ನೂ ತೆರೆದಿಲ್ಲ.

ನಿರ್ಧಾರ ಇದು. ಜೂನ್ ಮೂವತ್ತರ ವರದಿ ನನ್ನದೇ, ಅದು ತಪ್ಪು ಎಂದು ಸಾಹೇಬರ ಮುಂದೆ ಹೇಳುತ್ತೇನೆ. ಆ ಮನೆಯನ್ನು ನಮ್ಮ ಭೇಟಿಗೆ ಸಿದ್ಧಪಡಿಸಿದ್ದು ನಮ್ಮ ಕೇಂದ್ರವೇ ಎಂದು, ಯಾರು ಎಂದು ಹೇಳುತ್ತೇನೆ. ಮುನಿಶಾಮಮ್ಮ ನಂಬಿ ಹೇಳಿದ ಮಾತನ್ನು ಹೊರಗೆ ಹಾಕಿದ್ದು ನಾನು ಎಂದೂ. ಬೀಗ ತೆಗೆಸಿ ಎಂದು ಕೇಳುತ್ತೇನೆ. ಉಳಿದ ಮನೆಗಳನ್ನು ಮತ್ತೆ ಬೇರೆಯವರು ನೋಡಬೇಕು ಎಂದು ಕೇಳುತ್ತೇನೆ. ಕೇಂದ್ರ ಉಳಿಯುತ್ತದೋ ಇಲ್ಲವೋ ತಿಳಿಯದು. ಅವರಿಗೆ ನಿವೃತ್ತಿ ಹತ್ತಿರ.

ಅವರಿಗೆ ಮೊದಲೇ ತಿಳಿಸುವುದು ಧರ್ಮವೇ ಎಂದು ಸಂಜೆಯಿಂದ ಯೋಚಿಸಿದೆ. ತಿಳಿಸಿದರೆ ಅವರಿಗೆ ಸಿದ್ಧವಾಗಲು ಹೊತ್ತು ಸಿಗುತ್ತದೆ. ಅವರು ಸಿದ್ಧವಾಗುವುದು ಹೇಗೆಂದು ನನಗೆ ಗೊತ್ತು.

ಈಗ ಮೆಸೇಜು ಬಂತು. "ಬೆಳಿಗ್ಗೆ ಕಾರಲ್ಲಿ ಪಿಕ್ ಮಾಡ್ತೀನಿ ಭೂಷಣ. ತಿಂಡಿ ತಿನ್ಬೇಡ, ದಾರೀಲಿ ತಿನ್ನೋಣ."

ಸರಿ ಮೇಡಂ ಎಂದು ಬರೆದೆ. ಕಾರಿನಲ್ಲಿ ಹೇಳುವುದಿಲ್ಲ. ತಿಂಡಿ ತಿನ್ನುವಾಗಲೂ ಹೇಳುವುದಿಲ್ಲ. ತಿಳಿಸದೆ ಹೋಗುವುದನ್ನು ನನಗೆ ಕಲಿಸಿದವರು ಅವರೇ.